ಮೂರು ಊರುಗಳ ಮತವನ್ನು ಓದಿದ ವಸೀಮಾ ಮೇಡಂ

ಕರ್ನಾಟಕದ ಚುನಾವಣೆಗಳ ಕುರಿತು ಬರೆದ ವಿದ್ವಾಂಸರು ಬಹಳ ಮಂದಿ ಇದ್ದಾರೆ. ಆದರೆ ಅವರಲ್ಲಿ ಹೆಚ್ಚಿನವರ ಕಣ್ಣು ವಿಧಾನಸಭೆಯ ಮೇಲೆ, ಲೋಕಸಭೆಯ ಮೇಲೆ. ಪುರಸಭೆಯ ಒಂದು ವಾರ್ಡಿನಲ್ಲಿ ಚರಂಡಿಯ ಈ ಬದಿಯ ಮನೆಗಳು ಒಬ್ಬರಿಗೂ ಆ ಬದಿಯ ಮನೆಗಳು ಇನ್ನೊಬ್ಬರಿಗೂ ಮತ ಹಾಕಿದ್ದೇಕೆ ಎಂದು ಕೇಳುವಷ್ಟು ಪುರುಸೊತ್ತು ಇದ್ದವರು ಕಡಿಮೆ. ಆ ಪ್ರಶ್ನೆಯನ್ನೇ ಹಿಡಿದು ಹೊರಟು, ಸಿಂಧನೂರು, ಲಿಂಗಸುಗೂರು, ಮಸ್ಕಿ ಎಂಬ ಮೂರು ಊರುಗಳ ಮತದ ಚರಿತ್ರೆಯನ್ನು ಕಟ್ಟಿಕೊಟ್ಟ ಡಾ. ವಸೀಮಾ ರಹಿಮಾನ್ ಅವರು ಈ ತಿಂಗಳು ರಾಜ್ಯಶಾಸ್ತ್ರದ ಅಧ್ಯಾಪಕ ವೃತ್ತಿಯಿಂದ ನಿವೃತ್ತರಾಗುತ್ತಿದ್ದಾರೆ.

ಅವರು ಹುಟ್ಟಿ ಬೆಳೆದದ್ದು ಹಟ್ಟಿ ಚಿನ್ನದ ಗಣಿಯ ಕಂಪನಿ ಕ್ವಾರ್ಟರ್ಸಿನಲ್ಲಿ. ತಂದೆ ರಹಿಮಾನ್ ಸಾಹೇಬರು ಗಣಿಯ ಪಾಳಿ ಕೆಲಸಗಾರರು. ಚುನಾವಣೆ ಬಂತೆಂದರೆ ಊಟದ ಹೊತ್ತಿನಲ್ಲಿ ಮನೆಯವರೆಲ್ಲ ಯಾರಿಗೆ ಮತ ಹಾಕಬೇಕೆಂದು ಅವರೇ ತೀರ್ಮಾನ ಹೇಳುತ್ತಿದ್ದರು. ತಾಯಿ ಸಕೀನಾಬೀ "ಆತು" ಎನ್ನುತ್ತಿದ್ದರು. ಮತ ಹಾಕಿ ಬಂದ ಮೇಲೆ ಮಗಳು ಯಾರಿಗೆ ಎಂದು ಕೆದಕಿದರೆ, "ಹಾಕಿದ್ದು ಹಾಕೀನಿ" ಎಂದಷ್ಟೇ ಹೇಳಿ ರೊಟ್ಟಿಯ ಹಿಟ್ಟು ಕಲಸಲು ಕೂರುತ್ತಿದ್ದರು. ಒಂದು ಮನೆಯ ಮತ ಒಂದೇ ಕಡೆ ಬೀಳುತ್ತದೆ ಎಂಬ ಮಾತನ್ನು ಮುಂದೆ ಕಾಲೇಜಿನ ಪುಸ್ತಕದಲ್ಲಿ ಓದಿದಾಗ ವಸೀಮಾ ಅವರು ಅದನ್ನು ಪೂರ್ತಿ ನಂಬಲಿಲ್ಲ.

ಲಿಂಗಸುಗೂರಿನ ಸರ್ಕಾರಿ ಕಾಲೇಜಿನಲ್ಲಿ ಅವರ ಸೇವೆ ಆರಂಭವಾಯಿತು. ಅಲ್ಲಿನ ಹಳೆಯ ಪುರಸಭೆ ಫಲಿತಾಂಶಗಳನ್ನು ಕಲೆಹಾಕುತ್ತ ಹೋದಂತೆ ಅವರಿಗೆ ಮೊದಲ ಪಾಠ ಸಿಕ್ಕಿತು. ಒಂದು ವಾರ್ಡು ಹತ್ತು ವರ್ಷದಲ್ಲಿ ತನ್ನ ಒಲವನ್ನು ತಲೆಕೆಳಗು ಮಾಡಿಕೊಂಡಿತ್ತು. ದಢೇಸುಗೂರಿನಿಂದ ಬಂದು ಓದುತ್ತಿದ್ದ ಪಂಪಾವತಿ ಎಂಬ ವಿದ್ಯಾರ್ಥಿನಿ ಈ ಬದಲಾವಣೆಗೆ ದೊಡ್ಡ ದೊಡ್ಡ ಕಾರಣಗಳನ್ನು ಪಟ್ಟಿಮಾಡಿ ಪ್ರಬಂಧ ಬರೆದಳು. ಮೇಡಂ ಅವಳನ್ನು ಬಯ್ಯಲಿಲ್ಲ. ಬಿಸಿಲಿನಲ್ಲಿ ಆ ವಾರ್ಡಿನ ಸುತ್ತ ನಡೆಸಿಕೊಂಡು ಹೋದರು. ನಡುವೆ ಗಡಿಗಳನ್ನು ಹೊಸದಾಗಿ ಗುರುತಿಸಿದ್ದರಿಂದ ಹಳೆಯ ಓಣಿಗಳು ಪಕ್ಕದ ವಾರ್ಡಿಗೆ ಸೇರಿದ್ದವು.

"ನಂಬರು ಅಲ್ಲೇ ನಿಂತೈತಿ, ಓಣಿ ಸರದೈತಿ. ಮಂದಿ ಮನಸು ಬದಲಾಗೇತಿ ಅಂತ ಬರಿಯೂಕಿಂತ ಮೊದಲ ಮಂದಿ ಅವರೇ ಹೌದೋ ಅಲ್ಲೋ ನೋಡ್ಬೇಕವಾ" ಎಂದರು. ಪಂಪಾವತಿ ಮುಂದೆ ಓದುವುದು ಬೇಡವೆಂದು ಅವಳ ಮನೆಯವರು ಹಟ ಹಿಡಿದಾಗ ದಢೇಸುಗೂರಿಗೆ ಹೋಗಿ ಕೂತು ಒಪ್ಪಿಸಿದವರೂ ಅವರೇ. ಇಂದು ಆಕೆ ಅದೇ ವಿಷಯದ ಅಧ್ಯಾಪಕಿ.

ಮಸ್ಕಿಗೆ ವರ್ಗವಾದದ್ದು ಅವರ ಅಧ್ಯಯನಕ್ಕೆ ಒದಗಿದ ಭಾಗ್ಯ. ಗ್ರಾಮ ಪಂಚಾಯತಿಯಾಗಿದ್ದಾಗ ಅಲ್ಲಿ ಪಕ್ಷದ ಚಿಹ್ನೆ ಇಲ್ಲದೆ ಮತ ಬೀಳುತ್ತಿತ್ತು. ಪಟ್ಟಣವಾದ ಮೇಲೆ ಚಿಹ್ನೆ ಬಂತು, ಮನೆತನ ನೋಡಿ ಮತ ಹಾಕುತ್ತಿದ್ದವರು ಚಿಹ್ನೆ ನೋಡತೊಡಗಿದರು, ಅಣ್ಣತಮ್ಮಂದಿರ ನಡುವೆ ಗೋಡೆಗಳು ಎದ್ದವು. ಅನಂತರ ಸಿಂಧನೂರು. ಕಾಲುವೆಯ ನೀರಿನೊಂದಿಗೆ ಬಂದು ಕ್ಯಾಂಪುಗಳೆಂಬ ವಸತಿ ಕಟ್ಟಿಕೊಂಡ ತೆಲುಗು ಮಾತಿನ ರೈತರು, ಅಕ್ಕಿ ಗಿರಣಿಗಳು, ಸಂಬಳದ ನೌಕರಿ ಹಿಡಿದ ಕುಟುಂಬಗಳ ಹೊಸ ಲೇಔಟುಗಳು ಆ ಊರಿನ ಮತವನ್ನು ಹೇಗೆ ಮರುಹೊಂದಿಸಿದವೆಂಬುದನ್ನು ವಸೀಮಾ ಅವರಷ್ಟು ನಿಖರವಾಗಿ ಬರೆದವರು ಇನ್ನೊಬ್ಬರಿಲ್ಲ.

ಆದರೆ ಅವರನ್ನು ಗೌರವಿಸುವ ಈ ಸಂಪುಟದಲ್ಲಿ ಮುಖ್ಯವಾಗಿ ಹೇಳಬೇಕಾದದ್ದು ಅವರು ಬರೆಯದೆ ಉಳಿಸಿದ ಒಂದು ಮಾತಿನ ಬಗ್ಗೆ.

ಸಿಂಧನೂರಿನ ಒಂದು ವಾರ್ಡಿಗೆ ಪಕೀರಮ್ಮನವರು ನಿಂತಿದ್ದರು. ಬೌದ್ಧ ಮನೆತನದ ಹೆಣ್ಣುಮಗಳು. ಮಹಿಳಾ ಸಂಘ ನಡೆಸಿ ಹೆಸರು ಮಾಡಿದವರು. ಹತ್ತೊಂಬತ್ತು ಮತಗಳಿಂದ ಸೋತರು. ಅವರು ಹಿಂದೆ ಬಿದ್ದದ್ದು ಒಂದೇ ಬೂತಿನಲ್ಲಿ, ಆ ಬೂತಿಗೆ ಸೇರಿದ್ದು ಎರಡೇ ಕಡೆಯವರು: ದರ್ಗಾ ಓಣಿಯ ಮುಸ್ಲಿಮರು ಮತ್ತು ಪಕೀರಮ್ಮನವರ ಸಮುದಾಯದವರೇ ಹೆಚ್ಚಿದ್ದ ಹೊಸ ಲೇಔಟಿನವರು. ನಮ್ಮವರು ಕೈಬಿಟ್ಟಿರಲಾರರು, ದರ್ಗಾ ಓಣಿಯವರೇ ಮಾತು ಕೊಟ್ಟು ತಪ್ಪಿದರು ಎಂದು ಲೇಔಟು ತೀರ್ಮಾನಿಸಿತು. ದರ್ಗಾ ಓಣಿಯ ದರ್ಜಿ ಆಸೀಫರ ಅಂಗಡಿಯಿಂದ, ಲೇಔಟಿನವರು ಹೊಲಿಯಲು ಕೊಟ್ಟಿದ್ದ ಮದುವೆ ಬಟ್ಟೆಗಳು ಹಾಗೆಯೇ ವಾಪಸು ಹೋದವು. ಲೇಔಟಿನ ಮನೆಗಳಲ್ಲಿ ಟ್ಯೂಶನ್ನಿಗೆ ಕೂರುತ್ತಿದ್ದ ಓಣಿಯ ಮಕ್ಕಳು ಬರುವುದು ನಿಂತಿತು.

ಅಷ್ಟರಲ್ಲಿ ವಸೀಮಾ ಅವರು ವಿದ್ಯಾರ್ಥಿಗಳೊಂದಿಗೆ ಆ ಬೂತಿನ ಮನೆಮನೆಗೆ ಹೋಗಿ ವಿಚಾರಿಸಿ ಮುಗಿಸಿದ್ದರು. ಯಾರ ಹೆಸರನ್ನೂ ಯಾವ ಓಣಿಯ ಹೆಸರನ್ನೂ ಹೊರಗೆ ಬಿಡುವುದಿಲ್ಲವೆಂದು ಪ್ರತಿ ಬಾಗಿಲಲ್ಲೂ ಮಾತು ಕೊಟ್ಟಿದ್ದರು. ಯಾವ ಕಡೆಯವರು ಯಾರಿಗೆ ಹಾಕಿದ್ದಾರೆಂಬುದು ಅವರಿಗೆ ಗೊತ್ತಿತ್ತು.

ಆಸೀಫರು ಮನೆಗೆ ಬಂದರು. "ಆಪಾ, ನೀವು ಎಲ್ಲಾ ಕೇಳಿ ತಿಳಕೊಂಡೀರಿ. ನಮ್ಮ ಓಣಿಯವರು ಹಾಕ್ಯಾರಂತ ಪೇಪರಿನ್ಯಾಗ ಒಂದು ಮಾತು ಬರದುಬಿಡ್ರಿ."

"ಒಂದು ಓಣಿ ಹಾಕೇತಿ ಅಂದ್ರ, ಹಾಕಲಾರದ ಓಣಿ ಯಾವುದಂತ ಹೇಳಿದಂಗ ಆತಲ್ಲಪ್ಪ. ಹಾಕಿಲ್ಲ ಅಂದ್ರ ನಿಮ್ಮ ಮ್ಯಾಲೆ ಕಲ್ಲು. ನಾ ಎರಡೂ ಹೇಳಂಗಿಲ್ಲ."

"ನಮ್ಮವರಾಗಿ ನೀವೇ ಹಿಂಗಂದ್ರ?" ಎಂದ ಆಸೀಫರು ಚಹಾ ಮುಟ್ಟದೆ ಎದ್ದು ಹೋದರು.

ತಾನು ಓಣಿಯವರ ಧರ್ಮದವಳಲ್ಲದಿದ್ದರೆ ಬರೆದುಬಿಡುತ್ತಿದ್ದೆನೇ, ನಿಯಮದ ಮರೆಯಲ್ಲಿ ಅಂಜಿಕೆಯನ್ನು ಬಚ್ಚಿಡುತ್ತಿದ್ದೇನೆಯೇ ಎಂಬ ಪ್ರಶ್ನೆ ಆ ವಾರವೆಲ್ಲ ವಸೀಮಾ ಅವರನ್ನು ಬಿಡಲಿಲ್ಲ. ಕೊನೆಗೆ, ಹೇಳಬಾರದ್ದನ್ನು ಹೇಳದೆಯೂ ಹೇಳಬಹುದಾದದ್ದು ಇದೆಯೆಂದು ಹೊಳೆದು, ಒಬ್ಬರೇ ಪಕೀರಮ್ಮನವರ ಮನೆಗೆ ನಡೆದರು.

ಪಕೀರಮ್ಮನವರು ಕೂರಿಸಿ ನೇರವಾಗಿ ಕೇಳಿದರು: "ಮೇಡಮ್ಮಾರ, ದರ್ಗಾ ಓಣಿ ನನಗ ಹಾಕೇತೋ ಇಲ್ಲೋ? ಒಂದೇ ಮಾತು ಹೇಳ್ರಿ."

"ಹೇಳಂಗಿಲ್ರಿ. ಇವತ್ತು ನಿಮಗ ಹೇಳಿದ್ರ ನಾಳೆ ನಿಮ್ಮ ಮನಿಯವರ ಮಾತು ಇನ್ನೊಬ್ಬರಿಗೆ ಹೇಳ್ತೀನಿ. ಆಮ್ಯಾಲ ಯಾರು ನನಗ ಖರೇ ಹೇಳ್ತಾರ? ಆದರ ಎಲ್ಲಾರಿಗೂ ಗೊತ್ತಿರೂದು ಒಂದು ಐತಿ, ಯಾರೂ ನೋಡವಲ್ರು. ಆವತ್ತು ಮೂರೂ ಊರಾಗ ಮತದಾನ ಇತ್ತು. ನಿಮ್ಮ ಲೇಔಟಿನ ಮಾಸ್ತರು, ಟೀಚರು, ಗುಮಾಸ್ತರು ಎಲ್ಲಿದ್ರು?"

ಪಕೀರಮ್ಮನವರು ಯೋಚಿಸಿದರು. "ಎಲೆಕ್ಷನ್ ಡ್ಯೂಟಿಗೆ ಹೋಗಿದ್ರು. ಲಿಂಗಸುಗೂರಿಗೆ ಕೆಲವರು, ಮಸ್ಕಿಗೆ ಕೆಲವರು. ನನ್ನ ಮೈದುನನೂ ಹೋಗಿದ್ದ."

"ಅಂಚೆ ಮತಕ್ಕ ಅರ್ಜಿ ಹಾಕಿದ್ರೇನು?"

"ಹಾಕಿಲ್ಲ ಅನಸ್ತೈತಿ." ಅವರ ದನಿ ಇಳಿಯಿತು.

"ನನಗೂ ಮಸ್ಕಿಗೆ ಡ್ಯೂಟಿ ಬಿದ್ದಿತ್ತು. ನಾನೂ ಇದೇ ಲೇಔಟಿನಾಕಿ. ನನ್ನ ಓಟೂ ಬಿದ್ದಿಲ್ಲ."

"ಬಿದ್ದಿದ್ರ ನನಗ ಹಾಕ್ತಿದ್ರೇನ್ರಿ?"

"ಅದನ್ನೂ ಹೇಳಂಗಿಲ್ರಿ."

ಸೋತ ದಿನದಿಂದ ನಗದಿದ್ದ ಪಕೀರಮ್ಮನವರು ಆಗ ನಕ್ಕರು. ಬೂತಿಗೆ ಬಂದವರೆಲ್ಲ ಆಕೆಗೇ ಮತ ಹಾಕಿದ್ದರೆಂದು ಮೇಡಂ ಹೇಳಲಿಲ್ಲ. ಪಕೀರಮ್ಮನವರೂ ಮತ್ತೆ ಕೇಳಲಿಲ್ಲ. ಮನೆಮನೆ ನೆನೆದು ಎಣಿಸಿದರೆ, ಡ್ಯೂಟಿಗೆ ಹೋದವರ ಬೀಳದ ಮತಗಳೇ ಹತ್ತೊಂಬತ್ತನ್ನು ಮೀರಿದ್ದವು, ಅಷ್ಟು ಸಾಕಾಗಿತ್ತು.

ಮರುದಿನ ಪಕೀರಮ್ಮನವರು ಕುಬಸದ ಬಟ್ಟೆ ಹಿಡಿದು ಆಸೀಫರ ಅಂಗಡಿಗೆ ಹೋದರು. ಓಣಿಯ ನಡುವೆ, ಎಲ್ಲರ ಕಣ್ಣೆದುರು ಅಳತೆ ಕೊಟ್ಟು ಕೂತು ಚಹಾ ಕುಡಿದರು. ಲೇಔಟಿನ ಉಳಿದವರು ಬರಲು ಒಂದೆರಡು ತಿಂಗಳು ಹಿಡಿಯಿತು. ಇಬ್ಬರು ಮೂವರು ಇಂದಿಗೂ ಬಂದಿಲ್ಲ. ಮಕ್ಕಳ ಟ್ಯೂಶನ್ ಮಾತ್ರ ಬೇಗನೆ ಮತ್ತೆ ಶುರುವಾಯಿತು. ಮುಂದಿನ ಚುನಾವಣೆಯಲ್ಲಿ ವಾರ್ಡಿನ ಮೀಸಲಾತಿ ಬದಲಾಗಿ ಪಕೀರಮ್ಮನವರಿಗೆ ನಿಲ್ಲುವ ಅವಕಾಶ ತಪ್ಪಿತು. ದರ್ಗಾ ಓಣಿಯ ಅಸ್ಮಾ ನಿಂತರು. ಪಕೀರಮ್ಮನವರು ಆಕೆಯೊಂದಿಗೆ ಮನೆಮನೆ ತಿರುಗಿದರು. ಅದಕ್ಕೂ ಮೊದಲು ಡ್ಯೂಟಿಗೆ ಹೋಗುವವರಿಂದ ಅಂಚೆ ಮತದ ಅರ್ಜಿ ಹಾಕಿಸಿದರು. ಅಸ್ಮಾ ಗೆದ್ದರು.

ಆ ಘಟನೆಯ ನಂತರ ವಸೀಮಾ ಅವರು ತಮ್ಮ ಬರವಣಿಗೆಯ ರೀತಿಯನ್ನೇ ಬದಲಿಸಿಕೊಂಡರು. ಒಂದು ಓಣಿಯನ್ನು ಬೊಟ್ಟುಮಾಡಿ ತೋರಿಸಬಹುದಾದಷ್ಟು ಚಿಕ್ಕ ಬೂತಿನ ಅಂಕಿಗಳನ್ನು ಅವರು ಪಕ್ಕದ ಬೂತುಗಳೊಂದಿಗೆ ಕೂಡಿಸಿಯೇ ಪ್ರಕಟಿಸುತ್ತಾರೆ. ಇದರಿಂದ ಅಧ್ಯಯನದ ಹರಿತ ಕಡಿಮೆಯಾಗುತ್ತದೆ ಎಂದು ಆಕ್ಷೇಪಿಸಿದವರಿದ್ದಾರೆ. ಆ ಮಾತು ನಿಜವೆಂದು ಮೇಡಂ ಒಪ್ಪುತ್ತಾರೆ, ಒಪ್ಪಿಯೂ ಕೂಡಿಸುತ್ತಾರೆ.

ಕಾಲೇಜಿನ ಬೀಳ್ಕೊಡುಗೆ ಸಭೆಗೆ ಆಸೀಫರು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಪಕೀರಮ್ಮನವರನ್ನು ವೇದಿಕೆಗೆ ಕರೆದಾಗ ಅವರು ಹೇಳಿದ್ದು ಇಷ್ಟೇ: "ಆವತ್ತು ಈ ಮೇಡಮ್ಮಾರು ಹೇಳಿದ್ರ, ನಾ ಒಂದು ಓಣಿ ಕಳಕೊಂತಿದ್ದೆ. ಹೇಳಲಿಲ್ಲ. ಎರಡೂ ಉಳದಾವ."

ನಿವೃತ್ತಿಯೆಂಬುದು ಅವರಿಗೆ ಹಾಜರಿ ಪುಸ್ತಕದಿಂದ ಮಾತ್ರ. ಮೂರು ಊರುಗಳ ಹೊಸ ಬಡಾವಣೆಗಳನ್ನು ಪಂಪಾವತಿಯವರೊಂದಿಗೆ ಮೊದಲಿನಿಂದ ನಡೆದು ನೋಡುವ ಯೋಜನೆ ಈಗಾಗಲೇ ಸಿದ್ಧವಾಗಿದೆ. ಆ ನಡಿಗೆಗೆ ಬೇಕಾದ ಆರೋಗ್ಯವೂ ಆಯುಸ್ಸೂ ಅವರಿಗೆ ಧಾರಾಳವಾಗಿ ದೊರೆಯಲಿ. ಮುಂದಿನ ಚುನಾವಣೆ ಮುಗಿದ ಮರುದಿನ ಅವರು ಯಾರ ಮನೆಯ ಮುಂದೆ ನಿಂತರೂ ಬಾಗಿಲು ತೆರೆಯಲಿ, ತೆರೆದವರು ಅಂಜದೆ ಮಾತಾಡಲಿ.