ಅಗೆತದ ಪುಸ್ತಕಕ್ಕೆ ಹಾಕಿದ ತೇಪೆ

ಅದೊಂದು ಗುರುವಾರ. ನನ್ನ ಹೆಂಡತಿ ಜಯಮ್ಮ ಅಡುಗೆಮನೆಯಲ್ಲಿ ಈಳಿಗೆಮಣೆ ಮುಂದೆ ಕೂತು ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದಳು. ನಾನು ಆಫೀಸಿಗೆ ಹೊರಡುವ ಅವಸರದಲ್ಲಿ ಚಪ್ಪಲಿ ಹುಡುಕುತ್ತಿದ್ದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಎದ್ದು, ಗೂಡಿನಲ್ಲಿದ್ದ ಲೈಬ್ರರಿ ಪುಸ್ತಕವನ್ನು ತಂದುಕೊಟ್ಟು, "ಈ ಸಲ ಅಭಿಪ್ರಾಯ ನಾನೇ ಬರ್ದಿದ್ದೀನಿ ಕಣ್ರೀ, ನೀವು ಕೈ ಇಡೋ ಹಂಗಿಲ್ಲ" ಎಂದಳು. ನಾನು ಹೂಂ ಎಂದೆ. ಚಪ್ಪಲಿ ಬಾಗಿಲ ಹಿಂದೆಯೇ ಇತ್ತು. ಆ ಬೆಳಿಗ್ಗೆ ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡದೇನೂ ನಡೆಯಲಿಲ್ಲ. ಏನೂ ನಡೆಯದ ಬೆಳಿಗ್ಗೆಗಳಲ್ಲಿ ಅದೇ ಕೊನೆಯದೆಂದು ಗೊತ್ತಿದ್ದರೆ ಚಪ್ಪಲಿಯನ್ನು ಇನ್ನೂ ಸ್ವಲ್ಪ ಹೊತ್ತು ಹುಡುಕುತ್ತಿದ್ದೆ.

ಲೈಬ್ರರಿಯ ವಿಷಯ ಹೇಳದಿದ್ದರೆ ನಿಮಗೆ ಮುಂದಿನದು ಅರ್ಥವಾಗುವುದಿಲ್ಲ. ಎಂಬತ್ತರ ದಶಕ ಆಗತಾನೇ ಶುರುವಾಗಿತ್ತು. ಶ್ರೀನಿವಾಸಪುರದ ಬಸ್‌ಸ್ಟಾಂಡಿನ ಹಿಂದಿನ ಓಣಿಯಲ್ಲಿ ಶಾಮಣ್ಣನವರು ಬಾಡಿಗೆಗೆ ಪುಸ್ತಕ ಕೊಡುತ್ತಿದ್ದರು. ಮೊದಲು ಕೋಲಾರದಲ್ಲಿ ಬುಕ್‌ಬೈಂಡಿಂಗ್ ಮಾಡುತ್ತಿದ್ದ ಮನುಷ್ಯ. ಓದುಗರು ಪುಟದ ಅಂಚಿನಲ್ಲಿ ಗೀಚುವುದನ್ನು ಕಂಡರೆ ಅವರಿಗೆ ತಮ್ಮ ಮೈಮೇಲೇ ಬರೆ ಎಳೆದಂತಾಗುತ್ತಿತ್ತು. ಬೈದು ಸೋತು, ಕೊನೆಗೆ ಒಂದು ಉಪಾಯ ಮಾಡಿದರು. ಪುಸ್ತಕಕ್ಕೆ ರಟ್ಟು ಹಾಕುವಾಗ ಹಿಂದೆ ಹತ್ತು ಹನ್ನೆರಡು ಖಾಲಿ ಹಾಳೆ ಸೇರಿಸಿ, ಮೇಲೆ ‘ಓದುಗರ ಅಭಿಪ್ರಾಯ’ ಎಂದು ದುಂಡಗೆ ಬರೆದರು. ಗೀಚುವವರು ಅಲ್ಲಿ ಗೀಚಲಿ. ಮಾಲೆಯಾಗಿ ಬರುವ ಪುಸ್ತಕವಾದರೆ, ಅಭಿಪ್ರಾಯ ಬರೆಯದವರಿಗೆ ಮುಂದಿನ ಭಾಗ ಇಲ್ಲ. ಬರೆದದ್ದನ್ನು ಹೊಡೆದುಹಾಕಬಾರದು, ಹಾಳೆ ಹರಿಯಬಾರದು. ಅಭಿಪ್ರಾಯ ಬದಲಾದರೆ ಬೇರೆ ಕಾಗದದಲ್ಲಿ ಬರೆದು ಹಳೆಯದರ ಮೇಲೆ ಅಂಟಿಸಬೇಕು. ಇದಕ್ಕೆ ಅವರು ಇಟ್ಟ ಹೆಸರು ತೇಪೆ. ಅಂಟಿನ ಡಬ್ಬ ಮೇಜಿನ ಮೇಲೇ ಇರುತ್ತಿತ್ತು. ಮೈದಾ ಕುದಿಸಿ, ಹುಳು ಬೀಳದಿರಲೆಂದು ಮೈಲುತುತ್ತ ಕಲಸಿದ ತಿಳಿನೀಲಿ ಅಂಟು.

ಆ ವರ್ಷ ಊರಿಗೆ ಊರೇ ಓದುತ್ತಿದ್ದದ್ದು ಏಳು ಭಾಗಗಳ ಒಂದು ಮಾಲೆಯನ್ನು. ರಟ್ಟಿನ ಮೇಲೆ ಅದಕ್ಕೆ ಭಯಂಕರವಾದ ಹೆಸರಿತ್ತು. ನಾವು ‘ಅಗೆತದ ಪುಸ್ತಕ’ ಎನ್ನುತ್ತಿದ್ದೆವು. ಪ್ರತಿ ಭಾಗದಲ್ಲೂ ಒಬ್ಬ ಪ್ರೊಫೆಸರು ಹಾಳುಬಿದ್ದ ಜಾಗಕ್ಕೆ ಹೋಗಿ, ಬೇಡವೆಂದರೂ ಅಗೆಯುತ್ತಾನೆ. ಏಳಬಾರದ್ದು ಏಳುತ್ತದೆ. ಮುನ್ನೂರು ಪುಟ ಒದ್ದಾಡಿ ಅದನ್ನು ಮತ್ತೆ ಹೂಳುವಷ್ಟರಲ್ಲಿ ಪ್ರೊಫೆಸರಿಗೆ ಇನ್ನೊಂದು ಊರಿನಿಂದ ಕಾಗದ ಬರುತ್ತದೆ. ಒಂದನೇ ಭಾಗದಲ್ಲಿ ಸಿಕ್ಕಿದ ತಾಮ್ರದ ಪೆಟ್ಟಿಗೆಯನ್ನು ತೆರೆದು ನೋಡಲು ನಾಲ್ಕನೇ ಭಾಗ ಮುಗಿದರೂ ಯಾರಿಗೂ ಪುರುಸೊತ್ತಾಗಿರಲಿಲ್ಲ.

ನಮ್ಮ ಕಡೆಯವರಿಗೆ ಇದು ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ನೆಲ ಅಗೆದು ಚಿನ್ನ ತೆಗೆಯುವವರ ಪಕ್ಕದಲ್ಲೇ ಬದುಕಿದವರು ನಾವು. ಮುಳಬಾಗಿಲಿನಿಂದ ಮಾಲೂರಿನ ತನಕ ಯಾವ ಊರಿನಲ್ಲಿ ಬೇಕಾದರೂ ಕೇಳಿ ನೋಡಿ, ನಿಧಿ ಸಿಕ್ಕಿದವನ ಷಡ್ಡಕನನ್ನು ಬಲ್ಲವರೊಬ್ಬರು ಇದ್ದೇ ಇರುತ್ತಾರೆ. ನಿಧಿ ಸಿಕ್ಕಿದವನು ಮಾತ್ರ ಎಲ್ಲೂ ಸಿಕ್ಕುವುದಿಲ್ಲ. ಶಾಸನದ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತೇವೆ, ವೀರಗಲ್ಲಿಗೆ ಎಮ್ಮೆ ಕಟ್ಟುತ್ತೇವೆ. ಅದೇ ಕಲ್ಲು ಪುಸ್ತಕದೊಳಗೆ ಬಂದರೆ ದೀಪ ಹತ್ತಿರಕ್ಕೆ ಎಳೆದುಕೊಳ್ಳುತ್ತೇವೆ.

ಆದರೆ ಜಯಮ್ಮನೂ ನಾನೂ ಮೊದಲು ಓದುತ್ತಿದ್ದದ್ದು ಕಥೆಯನ್ನಲ್ಲ, ಹಿಂದಿನ ಹಾಳೆಗಳನ್ನು. ಅಲ್ಲಿ ಒಬ್ಬ ನಿವೃತ್ತ ಶಿರಸ್ತೇದಾರರು, ನಮ್ಮ ಆಫೀಸಿನಿಂದಲೇ ನಿವೃತ್ತರಾದವರು, ಕಡತದ ಮೇಲೆ ಷರಾ ಬರೆದಂತೆ ಬರೆಯುತ್ತಿದ್ದರು: ‘ಪರಿಶೀಲಿಸಲಾಯಿತು. ಸದರಿ ಭಾಗದಲ್ಲಿ ದೆವ್ವದ ಹಾಜರಾತಿ ತೃಪ್ತಿಕರವಾಗಿಲ್ಲ.’ ಒಬ್ಬ ಟೈಲರು, ಪ್ರೊಫೆಸರು ನಾಲ್ಕು ಗುಹೆ ನುಸುಳಿದರೂ ಪ್ಯಾಂಟು ಒಂದು ಕಡೆಯೂ ಹರಿಯಲಿಲ್ಲ, ಆ ಬಟ್ಟೆ ಎಲ್ಲಿ ಸಿಕ್ಕುತ್ತದೆ ತಿಳಿಸಬೇಕು ಎಂದು ಕೇಳಿದ್ದ. ಗೌನಿಪಲ್ಲಿಯ ಒಬ್ಬ ಹೆಂಗಸು, ಪ್ರೊಫೆಸರು ಮೂರು ಭಾಗದಲ್ಲಿ ಒಂದೇ ಒಂದು ಲೋಟ ಕಾಫಿ ಕುಡಿದಿದ್ದಾರೆ, ಊಟವಂತೂ ಇಲ್ಲ ಎಂದು ಕನಿಕರಪಟ್ಟಿದ್ದರೆ, ಅದರ ಕೆಳಗೆ ಯಾರೋ ಪೆನ್ಸಿಲಿನಲ್ಲಿ ‘ಅದಕ್ಕೇ ದೆವ್ವ ಕಾಣುತ್ತಿರುವುದು’ ಎಂದು ಸೇರಿಸಿದ್ದರು. ಒಬ್ಬರು ಬರೆದದ್ದಕ್ಕೆ ಕೆಳಗೆ ಇನ್ನೊಬ್ಬರು ಉತ್ತರ ಬರೆಯುವುದೇ ಅಲ್ಲಿಯ ಸೊಗಸು. ಉತ್ತರ ಬಂದರೆ ಸಭೆಯಲ್ಲಿ ಹಾರ ಬಿದ್ದಷ್ಟು ಸಂತೋಷ.

ನನಗೆ ಯಾರೂ ಉತ್ತರ ಬರೆಯುತ್ತಿರಲಿಲ್ಲ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಗುಮಾಸ್ತನಾದವನು. ವಾರಪತ್ರಿಕೆಗಳಿಂದ ಕೆಲವು ಮಾತುಗಳನ್ನು ಹೆಕ್ಕಿ ಇಟ್ಟುಕೊಂಡಿದ್ದೆ. ‘ಲೇಖಕರ ಕಲ್ಪನಾಶಕ್ತಿ ಮೆಚ್ಚುವಂಥದು. ಆದರೆ ಪಾತ್ರಪೋಷಣೆಯಲ್ಲಿ ಇನ್ನಷ್ಟು ಗಮನ ಬೇಕಿತ್ತು.’ ಇದನ್ನು ಒಂದನೇ ಭಾಗಕ್ಕೂ ಬರೆದೆ, ನಾಲ್ಕನೆಯದಕ್ಕೂ ಬರೆದೆ. ಪಾತ್ರಪೋಷಣೆ ಎಂದರೆ ಏನೆಂದು ಜಯಮ್ಮ ಒಮ್ಮೆ ಕೇಳಿದಾಗ, ಅದೆಲ್ಲ ವಿಮರ್ಶೆಯ ಮಾತು, ನಿನಗೆ ಬೇಡ ಎಂದುಬಿಟ್ಟೆ. ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಅವಳು ರಾಯಲ್ಪಾಡಿನವಳು. ತವರಿನಲ್ಲಿ ತೆಲುಗು ಮಾತು. ಕನ್ನಡ ಶಾಲೆಯಲ್ಲಿ ಆರನೆಯ ತರಗತಿಯವರೆಗೆ ಓದಿದ್ದಳು. ಓದುವುದು ನನಗಿಂತ ನಿಧಾನ, ನೆನಪು ನನಗಿಂತ ಗಟ್ಟಿ. ಅಪ್ಪನಿಗೆ ನಾಲ್ಕು ಮಾವಿನ ಮರವಿತ್ತು. ಆಫೀಸಿನಲ್ಲಿ ನಾನು ಮಾವನವರ ತೋಪು ಎನ್ನುತ್ತಿದ್ದೆ. ನಾಲ್ಕು ಮರವನ್ನು ತೋಪು ಎನ್ನಬಾರದೆಂದು ಯಾವ ಕಾನೂನಿನಲ್ಲೂ ಬರೆದಿಲ್ಲವಲ್ಲ. ಅವಳು ಚಿಕ್ಕಂದಿನಲ್ಲಿ ಕೂಲಿಗೆ ಹೋಗಿದ್ದು ಮದುವೆಗೆ ಮೊದಲೇ ನನಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಬೇರೆಯವರಿಗೆ ಗೊತ್ತಾಗದಂತೆ ಕಾಪಾಡುವುದು ಗಂಡನ ಕರ್ತವ್ಯವೆಂದು ತಿಳಿದಿದ್ದೆ.

ಐದನೇ ಭಾಗದಲ್ಲಿ ಪ್ರೊಫೆಸರು ಒಂದು ಬತ್ತಿದ ಕೆರೆಯನ್ನು ಅಗೆಸುತ್ತಾನೆ. ಆ ಗುರುವಾರ ಲೈಬ್ರರಿಯಲ್ಲಿ ನಿಂತು ಹಿಂದಿನ ಹಾಳೆ ತೆರೆದೆ. ನನ್ನ ಶಾಯಿಯ ಪೆನ್ನಿನಲ್ಲೇ ಅವಳು ಒಂದು ಪುಟ ತುಂಬ ಬರೆದಿದ್ದಳು. ಮೊದಲ ಸಾಲುಗಳು ನನಗೆ ಬಾಯಿಪಾಠವಾಗಿವೆ. ‘ಇದನ್ನು ಬರೆದವರು ಕೆರೆ ಅಗೆದವರಲ್ಲ. ನಾನು ಅಗೆದಿದ್ದೇನೆ. ಹದಿನಾಲ್ಕನೆಯ ವಯಸ್ಸಿನಲ್ಲಿ ನಮ್ಮೂರ ಕೆರೆಯಲ್ಲಿ ಕೂಲಿಗೆ ಹೂಳು ಎತ್ತಿದೆ. ಒಂದು ದಿನ ಮಧ್ಯಾಹ್ನ ನನ್ನ ಗುದ್ದಲಿಗೆ ಏನೋ ತಗುಲಿತು. ಮಣ್ಣು ಸರಿಸಿ ನೋಡಿದರೆ’

ಅಲ್ಲಿಗೆ ನಿಲ್ಲಿಸಿದೆ. ಆಸಕ್ತಿ ಇರಲಿಲ್ಲವೆಂದಲ್ಲ. ಕೂಲಿ ಎಂಬ ಮಾತು ಕಣ್ಣಿಗೆ ಬಿದ್ದ ಮೇಲೆ ಮುಂದಿನದು ಕಾಣಿಸಲೇ ಇಲ್ಲ. ಈ ಪುಸ್ತಕ ನನ್ನ ಕೈಯಿಂದ ನೇರ ಶಿರಸ್ತೇದಾರರ ಕೈಗೆ ಹೋಗುತ್ತದೆ, ಅವರ ಬಾಯಿಂದ ಆಫೀಸಿಗೆ ಬರುತ್ತದೆ ಎಂಬುದೊಂದೇ ತಲೆಯಲ್ಲಿತ್ತು. ಶಾಮಣ್ಣನವರಿಂದ ಒಂದು ಬಿಳಿ ಹಾಳೆ ಕೇಳಿ ಪಡೆದು ನನ್ನ ಮಾಮೂಲು ಅಭಿಪ್ರಾಯ ಬರೆದೆ. ಅವಳ ಪುಟ ಮುಚ್ಚಲು ನನ್ನ ಎರಡು ಸಾಲು ಸಾಲದೆ, ಅಕ್ಷರ ದಪ್ಪ ಮಾಡಿ, ಸಾಲುಗಳನ್ನು ದೂರ ದೂರ ಮಾಡಿ, ಕೊನೆಗೆ ‘ವೈಜ್ಞಾನಿಕ ದೃಷ್ಟಿಕೋನದ ಕೊರತೆ ಎದ್ದು ಕಾಣುತ್ತದೆ’ ಎಂದೂ ಸೇರಿಸಿದೆ. ಅಂಟು ಹಚ್ಚಿ, ಮಧ್ಯದಿಂದ ಅಂಚಿನ ಕಡೆಗೆ ಅಂಗೈಯಿಂದ ಚೆನ್ನಾಗಿ ಒತ್ತಿದೆ. ಆ ಒತ್ತುವುದನ್ನು ಶಾಮಣ್ಣನವರು ಮೆಚ್ಚಿದರು, ಗುಳ್ಳೆ ಬಿಡದಂತೆ ಅಂಟಿಸುವವರು ಕಡಿಮೆ ಎಂದರು. ಆರನೇ ಭಾಗ ಕೊಟ್ಟರು.

ಸಂಜೆ ಮನೆಗೆ ಬಂದಾಗ ಅವಳು ಹೆಚ್ಚಿದ ಹೋಳುಗಳಿಗೆ ಉಪ್ಪು ಸವರುತ್ತಿದ್ದಳು.

"ಓದಿದ್ರಾ?" ಎಂದಳು.

"ಓದಿದೆ."

"ಪೂರ್ತಿ?"

"ಪೂರ್ತಿ."

ಅವಳ ಕೈ ನಿಂತಿತು. "ನಂಬ್ತೀರಾ?"

"ನೀನು ಹೇಳಿದ ಮೇಲೆ ನಂಬದೆ ಇರ್ತೀನಾ" ಎಂದೆ. ಗಂಡಸರ ಬಳಿ ಇಂಥ ಉತ್ತರಗಳು ಯಾವಾಗಲೂ ಸಿದ್ಧವಾಗಿರುತ್ತವೆ.

"ಯಾರೂ ನಂಬಲ್ಲ ಅಂತ ಇಷ್ಟು ವರ್ಷ ಯಾರಿಗೂ ಹೇಳಿರ್ಲಿಲ್ಲ" ಎಂದು ಹೇಳಿ, ಉಪ್ಪು ಖಾರ ಹಚ್ಚಿದ ಎರಡು ಹೋಳನ್ನು ನನ್ನ ಅಂಗೈಯಲ್ಲಿಟ್ಟಳು. ಅದೇ ಅಂಗೈ. ಬೆರಳ ಸಂದಿಯಲ್ಲಿ ಅಂಟು ಇನ್ನೂ ಹೋಗಿರಲಿಲ್ಲ. ನಾನು ಹೋಳುಗಳನ್ನು ತಿಂದೆ.

ಮರುದಿನ ಅವಳಿಗೆ ತಲೆ ಭಾರ, ಸಂಜೆಗೆ ಜ್ವರ. ಮೂರನೆಯ ದಿನ ಕೋಲಾರದ ಆಸ್ಪತ್ರೆಗೆ ಸೇರಿಸಿದೆವು. ಜ್ವರ ಇಳಿದು ಮಾತಾಡುವಂತಾದ ಒಂದು ಮಧ್ಯಾಹ್ನ, "ನಂದಕ್ಕೆ ಯಾರಾದ್ರೂ ಉತ್ತರ ಬರ್ದ್ರಾ?" ಎಂದು ಕೇಳಿದಳು. ಬರೆದಿದ್ದಾರೆ, ಚೆನ್ನಾಗಿದೆ ಅಂತ ಶಿರಸ್ತೇದಾರರೇ ಬರೆದಿದ್ದಾರೆ ಎಂದೆ. "ಅವರಾ?" ಎಂದು ಗೋಡೆಯ ಕಡೆ ತಿರುಗಿ ಒಬ್ಬಳೇ ನಕ್ಕಳು. ಕೆರೆಯಲ್ಲಿ ಸಿಕ್ಕಿದ್ದು ಏನು ಎಂದು ಆಗ ಕೇಳಬಹುದಿತ್ತು. ಮಂಚದ ಪಕ್ಕದಲ್ಲೇ ಕೂತಿದ್ದೆ, ಬೇರೆ ಕೆಲಸವೂ ಇರಲಿಲ್ಲ. ಕೇಳಿದರೆ ಓದಿಲ್ಲವೆಂದು ಗೊತ್ತಾಗಿಬಿಡುತ್ತಿತ್ತು. ಇನ್ನು ಸ್ವಲ್ಪ ಗುಣವಾಗಲಿ, ಆ ಮಾತು ಈ ಮಾತು ಆಡುತ್ತಾ ಉಪಾಯವಾಗಿ ತಿಳಿದುಕೊಂಡರಾಯಿತು ಎಂದುಕೊಂಡೆ. ಅವತ್ತು ಸಂಜೆ ಜ್ವರ ಮತ್ತೆ ಏರಿತು. ಹತ್ತನೆಯ ದಿನ ಅವಳನ್ನು ಮಣ್ಣು ಮಾಡಲು ರಾಯಲ್ಪಾಡಿಗೆ ಒಯ್ದೆವು. ಕೆರೆ ಏರಿಯ ಮೇಲೇ ಹೋಗಬೇಕಾಯಿತು. ನಾನು ಕೆರೆಯ ಕಡೆ ನೋಡಲಿಲ್ಲ.

ತಿಂಗಳ ಮೇಲೆ ಆರನೇ ಭಾಗ ವಾಪಸು ಕೊಡಲು ಹೋದಾಗ ಐದನೆಯದನ್ನು ಕೇಳಿ ತೆಗೆಸಿಕೊಂಡೆ. ತೇಪೆಯ ಮೇಲೆ, ನನ್ನ ಸಾಲುಗಳ ಕೆಳಗೆ, ಮೊದಲ ಬಾರಿಗೆ ನನಗೊಂದು ಉತ್ತರ ಬಂದಿತ್ತು. ಶಿರಸ್ತೇದಾರರ ಅಕ್ಷರ: ‘ಸದರಿ ಅಭಿಪ್ರಾಯವು ನಾಲ್ಕನೇ ಭಾಗದ ಯಥಾಪ್ರತಿ. ಹೊಸ ವಿಷಯವೇನೂ ಇರುವುದಿಲ್ಲ.’

ತೇಪೆ ಬಿಡಿಸಬೇಕು ಎಂದು ಶಾಮಣ್ಣನವರನ್ನು ಕೇಳಿದೆ. "ನನ್ನ ಅಂಟು ಬಿಡಲ್ಲ ಸಾರ್. ಬಿಡೋ ಹಂಗಿದ್ರೆ ನಾನ್ಯಾಕೆ ಬೈಂಡರ್ ಆಗ್ತಿದ್ದೆ?" ಎಂದು ನಕ್ಕರು. ಕಾರಣ ಹೇಳಿದೆ. ಅವರು ನಗು ನಿಲ್ಲಿಸಿ, ಪುಸ್ತಕವನ್ನು ಪೂರಾ ನನಗೇ ಕೊಟ್ಟುಬಿಟ್ಟರು. ಅಂಟಿಸುವ ಮೊದಲು ತಾವೇನಾದರೂ ಓದಿದ್ದಿರಾ ಎಂದದ್ದಕ್ಕೆ, ಓದುವ ಅಭ್ಯಾಸ ತಮಗಿಲ್ಲ, ಹೊಲಿಗೆಯಷ್ಟೇ ನೋಡುವುದು ಎಂದರು.

ಮನೆಗೆ ತಂದು ತೇಪೆಗೆ ಹಬೆ ಹಿಡಿದೆ. ನನ್ನ ಕಾಗದ ಸ್ವಲ್ಪವೂ ಮೇಲೇಳಲಿಲ್ಲ, ಅವಳ ಶಾಯಿ ಮಾತ್ರ ಕದಡಿ ನೀಲಿ ಮೋಡದಂತೆ ಹರಡಿತು. ಹೆದರಿ ನಿಲ್ಲಿಸಿದೆ. ಕಿಟಕಿಯ ಬೆಳಕಿಗೆ ಹಿಡಿದರೆ ನನ್ನ ದಪ್ಪ ಅಕ್ಷರಗಳ ಹಿಂದೆ ಅವಳವು ಇರುವೆ ಸಾಲಿನಂತೆ ಕಾಣುತ್ತವೆ. ‘ವೈಜ್ಞಾನಿಕ ದೃಷ್ಟಿಕೋನ’ದ ಹಿಂದೆ ಏನೋ ಬಹಳ ಮುಖ್ಯವಾದದ್ದನ್ನು ಬರೆದಿದ್ದಾಳೆ, ಅಲ್ಲಿ ಎರಡು ಕಡೆ ಗೆರೆ ಎಳೆದಿದ್ದಾಳೆ. ಬ್ಲೇಡಿನಿಂದ ಕೆಳಗಿನ ಮೂಲೆಯನ್ನು ಎಬ್ಬಿಸಿದಾಗ ಕೊನೆಯ ಸಾಲಷ್ಟು ಸಿಕ್ಕಿತು. ‘ನಂಬುವವರು ನಂಬಲಿ. ಇಂತಿ, ಜಯಮ್ಮ, ರಾಯಲ್ಪಾಡು.’ ನನ್ನ ಹೆಸರೂ ಇಲ್ಲ, ನನ್ನ ಮನೆಯ ಸುದ್ದಿಯೂ ಇಲ್ಲ. ರಾಯಲ್ಪಾಡಿನಲ್ಲಿ ಜಯಮ್ಮನೆಂಬ ಹೆಸರಿನವರು ಹತ್ತು ಜನ ಇರಬಹುದು. ಶಿರಸ್ತೇದಾರರು ಓದಿ ನಕ್ಕು, ಯಾರೋ ಏನೋ ಎಂದುಕೊಂಡು ಪುಟ ಮಗುಚುತ್ತಿದ್ದರು. ನನ್ನ ಮಾನ ಕಾಪಾಡುವ ಕೆಲಸವನ್ನು ಅವಳು ಮೊದಲೇ ಮಾಡಿ ಮುಗಿಸಿದ್ದಳು.

ಅವಳ ತಮ್ಮನನ್ನು ಕೇಳೋಣವೆಂದು ಒಂದು ಭಾನುವಾರ ರಾಯಲ್ಪಾಡಿಗೆ ಹೋದೆ. ಅವನು ಟೊಮೇಟೊ ಗಿಡಕ್ಕೆ ಕಡ್ಡಿ ಕಟ್ಟುತ್ತಿದ್ದ. ಸುತ್ತಿ ಬಳಸಿ ಕೇಳಿದೆ.

"ಏಮೋ ಬಾವಾ. ಕೆರೇಲಿ ಏನೇನೋ ಸಿಗ್ತಿತ್ತು. ಮಡಕೆ ಚೂರು, ಎಮ್ಮೆ ಕೊಂಬು. ಅಕ್ಕ ನನ್ ಹತ್ರ ಏನೂ ಹೇಳ್ಲಿಲ್ಲ" ಎಂದು ಹೇಳಿ, ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿ, ನನ್ನ ಮುಖ ನೋಡಿದ. "ನಿಮ್ ಹತ್ರಾನೂ ಹೇಳಿಲ್ವಾ?"

ಹೇಳಿದ್ದಳು, ನಾನು ಮರೆತೆ ಎಂದೆ. ಅದು ಈ ವಿಷಯದಲ್ಲಿ ನಾನು ಹೇಳಿದ ಕೊನೆಯ ಸುಳ್ಳು.

ಈಗ ಐದಾರು ವರ್ಷವಾಯಿತು. ಶಾಮಣ್ಣನವರ ಅಂಗಡಿಯಲ್ಲಿ ವಿಡಿಯೋ ಕ್ಯಾಸೆಟ್ ಬಂದಿದೆ. ಕ್ಯಾಸೆಟ್ ನೋಡಿದವರು ಅಭಿಪ್ರಾಯ ಬರೆಯುವ ಹಾಗಿಲ್ಲ. ನಾನು ಈಚೆಗೆ ಯಾವ ಪುಸ್ತಕದ ಬಗ್ಗೆಯೂ ಅಭಿಪ್ರಾಯ ಹೇಳುವುದಿಲ್ಲ. ಯಾರಾದರೂ ಹೇಳುತ್ತಿದ್ದರೆ ಕೊನೆಯವರೆಗೆ ಕೇಳುತ್ತೇನೆ. ಆಫೀಸಿನಲ್ಲಿ ಇದನ್ನು ಒಳ್ಳೆಯ ಗುಣವೆಂದು ತಿಳಿದು ತಮ್ಮ ತಮ್ಮ ಕಥೆಗಳನ್ನೆಲ್ಲ ನನ್ನ ಮೇಜಿಗೇ ತರುತ್ತಾರೆ. ಅಗೆತದ ಪುಸ್ತಕದ ಏಳನೇ ಭಾಗವನ್ನೂ ಓದಿದೆ. ತಾಮ್ರದ ಪೆಟ್ಟಿಗೆ ಕೊನೆಗೂ ತೆರೆಯಿತು. ಅದರೊಳಗೆ ಏನಿತ್ತೆಂದು ಮೂರು ಪುಟ ವಿವರಿಸಿದ್ದರು, ನನಗೆ ಈಗ ನೆನಪಿಲ್ಲ.

ರಾಯಲ್ಪಾಡಿನ ಕೆರೆಯಲ್ಲಿ ಜಯಮ್ಮನ ಗುದ್ದಲಿಗೆ ತಗುಲಿದ್ದು ಏನೆಂದು ನನಗೆ ಗೊತ್ತಿಲ್ಲ.