ದೋಣಿಯವಳ ವಯಸ್ಸು

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಆರು ವರ್ಷ ದೊಡ್ಡವನಾದ ಬಾಯ್ಲರ್‌ನವನಿಗೂ ಅವಳು ದೊಡ್ಡಕ್ಕನೇ. ಹದಿಮೂರು ತುಂಬಿದ ವರ್ಷ ತಾಯಿ ತೀರಿಕೊಂಡಳು. ತಿಂಗಳು ಕಳೆಯುವ ಮೊದಲೇ ಮಗಳು ತಾಯಿಯ ಜಾಗದಲ್ಲಿ ಕೆಲಸಕ್ಕೆ ನಿಂತಳು. ಅಪ್ಪ ಇದ್ದೂ ಇಲ್ಲದಂತಿದ್ದ. ಮನೆಯಲ್ಲಿ ಐದು ವರ್ಷದ ತಮ್ಮ.

ಆಗ ದೊಡ್ಡ ಯಂತ್ರಗಳು ಬಂದಿರಲಿಲ್ಲ. ಕುದಿಯುವ ಸೋಡಾ ನೀರಿನಿಂದ ಚಾದರಗಳನ್ನು ಕೋಲಿನಲ್ಲಿ ಎತ್ತಿ, ಬ್ಲೀಚಿಂಗ್ ನೀರಿನಲ್ಲಿ ಅದ್ದಿ, ರಕ್ತದ ಕಲೆಗಳನ್ನು ಕೈಯಲ್ಲೇ ತಿಕ್ಕಬೇಕಿತ್ತು. ಎರಡು ವರ್ಷದಲ್ಲಿ ಅಂಗೈ ಬಿರಿಯಿತು. ಐದು ವರ್ಷದಲ್ಲಿ ಮೊಣಕೈಯಿಂದ ಕೆಳಗೆ ಚರ್ಮ ಸುಕ್ಕುಗಟ್ಟಿ, ಉಗುರುಗಳು ಹಳದಿಯಾದವು. ಒಮ್ಮೆ ಹಿಂಡುವ ರೋಲರ್‌ಗೆ ಬಲಗೈಯ ಉಂಗುರಬೆರಳು ಸಿಕ್ಕಿ, ಸೊಟ್ಟಗಾಗಿ ಹಾಗೇ ಕೂಡಿಕೊಂಡಿತು. ಮುಖ ಮಾತ್ರ ಹುಡುಗಿಯದೇ ಆಗಿ ಉಳಿಯಿತು.

ಅವಳಿಗೆ ಹತ್ತೊಂಬತ್ತಾದಾಗ ಒಂದು ಸಂಬಂಧ ಬಂತು. ಹುಡುಗನಿಗೆ ಒಪ್ಪಿಗೆಯಿತ್ತು. ಅವನ ತಾಯಿ ಹೊರಡುವಾಗ ಪ್ರೀತಿಯಿಂದಲೇ ಅವಳ ಕೈ ಹಿಡಿದುಕೊಂಡವಳು, ಹಿಡಿದ ಕೈಯನ್ನು ಬೆಳಕಿಗೆ ತಿರುಗಿಸಿ ನೋಡಿದಳು.

"ನಿಜ ಹೇಳಮ್ಮ, ನಿನ್ನ ವಯಸ್ಸೆಷ್ಟು?"

"ಹತ್ತೊಂಬತ್ತು."

"ಮುಖಕ್ಕೇನು, ಏನು ಬೇಕಾದ್ರೂ ಹಚ್ಕೋಬಹುದು. ಕೈ ಸುಳ್ಳು ಹೇಳಲ್ಲ."

ಬಾಗಿಲ ಹತ್ತಿರ ನಿಂತಿದ್ದ ಹನ್ನೊಂದು ವರ್ಷದ ತಮ್ಮ ಮುಂದೆ ಬಂದ. "ನಮ್ಮಕ್ಕನಿಗೆ ಹತ್ತೊಂಬತ್ತೇ. ಬೇಕಾದ್ರೆ ಹುಟ್ಟಿದ ದಿನ ಬರೆದಿರೋ ಅವಳ ಶಾಲೆ ಪುಸ್ತಕ ತಂದು ತೋರಿಸ್ತೀನಿ" ಎಂದ. ಯಾರೂ ಅವನ ಕಡೆ ನೋಡಲಿಲ್ಲ. ಅವನು ಪುಸ್ತಕ ಹುಡುಕಿ ತರುವಷ್ಟರಲ್ಲಿ ಅವರು ಬೀದಿಯ ತಿರುವು ದಾಟಿದ್ದರು. ಆಮೇಲೆ ಅವಳು ಮದುವೆಯ ಮಾತೆತ್ತಲು ಯಾರಿಗೂ ಬಿಡಲಿಲ್ಲ.

ತಮ್ಮ ಚಿತ್ರ ಬಿಡಿಸುವುದನ್ನು ಕಲಿತು ವಿಡಿಯೋ ಗೇಮ್ ಮಾಡುವ ಕಂಪನಿಯೊಂದಕ್ಕೆ ಸೇರಿದ. ಮದುವೆಯಾದ, ಒಬ್ಬ ಮಗಳಾದಳು, ಹೆಂಡತಿ ಬೇಗ ತೀರಿಕೊಂಡಳು. ನಲವತ್ತೊಂದಕ್ಕೆ ಅವನಿಗೆ ರಕ್ತದ ಕಾಯಿಲೆ ಅಂಟಿಕೊಂಡಿತು. ಅಕ್ಕ ಕೆಲಸ ಮಾಡುವ ಆಸ್ಪತ್ರೆಯಲ್ಲೇ, ಮೂರನೇ ಮಹಡಿಯ ವಾರ್ಡಿನಲ್ಲಿ ಮಲಗಿದ. ಕೆಳಗೆ ಬರುವ ಗಂಟುಗಳ ಮೇಲೆ ವಾರ್ಡಿನ ಸಂಖ್ಯೆ ಇರುತ್ತಿತ್ತು. ಆ ಸಂಖ್ಯೆಯ ಗಂಟನ್ನು ಅವಳು ಬೇರೆಯವರಿಗೆ ಮುಟ್ಟಲು ಬಿಡುತ್ತಿರಲಿಲ್ಲ. ಯಾವ ಚಾದರ ಅವನದು, ಯಾವುದು ಪಕ್ಕದ ಹಾಸಿಗೆಯದು ಎಂದು ತಿಳಿಯುವ ದಾರಿ ಇರಲಿಲ್ಲ. ಎಲ್ಲವನ್ನೂ ಬಿಡಿಸಿ ನೋಡುತ್ತಿದ್ದಳು. ಏಳನೇ ವಾರದ ಒಂದು ಬೆಳಿಗ್ಗೆ ವಾರ್ಡಿನ ನರ್ಸ್ ಮೆಟ್ಟಿಲಿಳಿದು ತಾನೇ ಲಾಂಡ್ರಿಗೆ ಬಂದದ್ದನ್ನು ಕಂಡಾಗ, ಕೇಳುವುದಕ್ಕೆ ಏನೂ ಉಳಿದಿರಲಿಲ್ಲ.

ಹದಿನೆಂಟರ ಮಗಳು ಅತ್ತೆಯ ಮನೆಗೆ ಬಂದು ಸೇರಿದಳು. ಅಪ್ಪ ಕೊನೆಯದಾಗಿ ಕೆಲಸ ಮಾಡಿದ ಗೇಮ್ ಅವಳ ಫೋನಿನಲ್ಲಿತ್ತು. ಅದರಲ್ಲಿ ಅವನು ಬಿಡಿಸಿದ ಒಬ್ಬ ದೋಣಿಯವಳು ಬರುತ್ತಾಳೆ. ಆಡುವವನನ್ನು ಹೊಳೆ ದಾಟಿಸುತ್ತಾಳೆ, ಅಷ್ಟೇ ಅವಳ ಪಾತ್ರ. ಆದರೆ ಅಭಿಮಾನಿಗಳು ಬೇರೆಲ್ಲ ಬಿಟ್ಟು ಅವಳ ಹಿಂದೆ ಬಿದ್ದಿದ್ದರು. ಮುಖ ಇಪ್ಪತ್ತರದು, ಕೈ ಎಂಬತ್ತರದು. ಯಾಕೆ?

ಒಂದು ಭಾನುವಾರ ಮಧ್ಯಾಹ್ನ ಹುಡುಗಿ ಅವರು ಬರೆದದ್ದನ್ನು ಓದತೊಡಗಿದಳು. "ಅತ್ತೆ, ಇವನು ಹೇಳ್ತಾನೆ ಅವಳಿಗೆ ಮುನ್ನೂರು ವರ್ಷವಂತೆ. ಶಾಪ ಕೈಯಿಂದ ಶುರುವಾಗಿದೆ, ಮುಖಕ್ಕಿನ್ನೂ ಹತ್ತಿಲ್ಲವಂತೆ."

"ಹತ್ತೋಕೆ ಇನ್ನೆಷ್ಟು ದಿನ ಬೇಕಂತೆ?"

"ಇನ್ನೊಬ್ಬಳು, ಮುಳುಗಿ ಸತ್ತ ಮುದುಕಿ ಕೈ ಕದ್ದು ಹಾಕ್ಕೊಂಡಿದ್ದಾಳೆ ಅಂತಾಳೆ. ಇವನು, ಚಿತ್ರ ಬಿಡಿಸಿದವನು ಸೋಮಾರಿ, ಯಾವುದೋ ಮುದುಕಿಯ ಕೈ ತಂದು ಅಂಟಿಸಿದಾನೆ ಅಂತ ಬರೆದಿದಾನೆ."

ಅತ್ತೆ ಅದಕ್ಕೆ ನಗಲಿಲ್ಲ. "ತೋರಿಸು" ಎಂದಳು. ಫೋನನ್ನು ಕಣ್ಣಿನ ಹತ್ತಿರ ತಂದು ಹುಟ್ಟು ಹಿಡಿದ ಕೈಗಳನ್ನು ನೋಡಿದಳು. ಸೊಟ್ಟ ಬೆರಳನ್ನು ನೋಡಿದಳು.

"ನಿಮ್ಮಪ್ಪ ಅವಳ ವಯಸ್ಸು ಏನಾದ್ರೂ ಬರೆದಿದಾನಾ?"

"ಹತ್ತೊಂಬತ್ತು ಅಂತ ಗೇಮ್ ಜೊತೆಗಿನ ಪುಸ್ತಕದಲ್ಲಿದೆ. ಯಾರೂ ನಂಬಲ್ಲ."

ಅವಳು ಫೋನು ಕೆಳಗಿಟ್ಟು ಒಳಗೆ ಹೋದಳು. ಬಹಳ ಹೊತ್ತಿನ ಮೇಲೆ ಬಂದು, ಆ ಸಂಬಂಧದ ಕಥೆಯನ್ನು ಮೊದಲ ಸಲ ಹುಡುಗಿಗೆ ಹೇಳಿದಳು.

ಹುಡುಗಿಗೆ ತಡೆಯಲಾಗಲಿಲ್ಲ. ಅತ್ತೆಯ ಕೈಗಳ ಫೋಟೊ ತೆಗೆದು, ಎಲ್ಲವನ್ನೂ ಬರೆದು, ಅಭಿಮಾನಿಗಳ ಚರ್ಚೆಯ ಪುಟಕ್ಕೆ ಹಾಕಿದಳು. ಸಂಜೆಯೊಳಗೆ ಉತ್ತರಗಳು ಬಂದವು. ಯಾರೋ ಮುದುಕಿ ಹೆಸರು ಮಾಡಲು ಹೊರಟಿದ್ದಾಳೆ. ಫೋಟೊ ತಿದ್ದಿದ್ದು. ಇದು ನಿಜವಾದರೂ ಬೇಡ, ಶಾಪದ ಕಥೆಯೇ ಚೆನ್ನಾಗಿತ್ತು. ಒಬ್ಬನಂತೂ ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಗೆರೆ ಎಳೆದಿದ್ದ: ಗೇಮ್‌ನಲ್ಲಿ ಸೊಟ್ಟಗಿರುವುದು ಎಡಗೈ ಬೆರಳು, ಫೋಟೊದಲ್ಲಿ ಬಲಗೈಯದು. ಸುಳ್ಳು ಸಿಕ್ಕಿಬಿತ್ತು ಎಂದು ನೂರಾರು ಜನ ಅವನ ಬೆನ್ನು ತಟ್ಟಿದ್ದರು.

"ಅವನು ನನ್ನೆದುರಿಗೆ ಕೂತು ಊಟ ಮಾಡ್ತಿದ್ದ" ಎಂದಳು ಅತ್ತೆ. "ಎದುರಿಗೆ ಕೂತವನಿಗೆ ನನ್ನ ಬಲಗೈ ಅವನ ಎಡಕ್ಕೇ ತಾನೆ ಕಾಣೋದು. ಬಿಡು. ಅವರಿಗೇನು ಗೊತ್ತು."

ಗಲಾಟೆ ಕಂಪನಿಯವರ ಕಿವಿಗೂ ಬಿತ್ತು. ಎರಡು ತಿಂಗಳಿಗೆ ಹೊಸ ಅಪ್‌ಡೇಟ್ ಬಂತು. ಹಳೆಯ ತಪ್ಪೊಂದನ್ನು ಸರಿಪಡಿಸಿದ್ದೇವೆ ಎಂದು ಒಂದು ಸಾಲು. ದೋಣಿಯವಳಿಗೆ ಈಗ ನುಣ್ಣನೆಯ, ಉದ್ದ ಬೆರಳಿನ ಕೈಗಳು.

ಮೂವತ್ತಾರು ವರ್ಷದ ಕೆಲಸದಲ್ಲಿ ತನಗಾಗಿ ಅರ್ಧ ದಿನದ ರಜೆ ಕೇಳದವಳು ಅಂದು ಕೇಳಿದಳು. ಹುಡುಗಿಯನ್ನು ಕರೆದುಕೊಂಡು ತಮ್ಮನ ಆಫೀಸಿಗೆ ಹೋದಳು. ಗಾಜಿನ ಕೋಣೆಯಲ್ಲಿದ್ದ ಮ್ಯಾನೇಜರ್ ಮರ್ಯಾದೆಯಿಂದಲೇ ಕೂರಿಸಿದ.

"ತುಂಬಾ ದೂರು ಬಂದಿತ್ತು ಅಮ್ಮ. ಬಿಡಿಸಿದವರನ್ನೇ ಕೇಳೋಣ ಅಂದ್ರೆ ಅವರೂ ಇಲ್ಲ."

"ಅವನು ತಪ್ಪು ಬಿಡಿಸಿಲ್ಲ" ಎಂದು ಅವಳು ಎರಡೂ ಕೈಗಳನ್ನು ಮೇಜಿನ ಮೇಲಿಟ್ಟಳು.

ಅವನು ನೋಡಿದ. ಆಮೇಲೆ ಕಿಟಕಿಯ ಕಡೆ ನೋಡಿದ. "ಈಗ ಹಿಂದಕ್ಕೆ ತರೋದು ನನ್ನ ಕೈಲಿಲ್ಲ" ಎಂದ.

"ಹೊಳೆ ದಾಟೋದನ್ನ ಮೊದಲಿದ್ದ ಹಾಗೆ ಒಂದು ಸಲ ತೋರಿಸಿ, ಹೋಗ್ತೀನಿ."

ಹಳೆಯದನ್ನು ಹುಡುಕಿ ದೊಡ್ಡ ಪರದೆಯ ಮೇಲೆ ಹಾಕಿದ. ಮಂಜಿನಲ್ಲಿ ದೋಣಿ ಹೊರಟಿತು. ಅವಳದೇ ಹತ್ತೊಂಬತ್ತರ ಮುಖ, ಅವಳದೇ ಕೈ. ಹುಟ್ಟು ಎಳೆಯುವಾಗ ಸೊಟ್ಟ ಬೆರಳು ಹಿಡಿಗೆ ತಾಗದೆ ಹೊರಗೆ ನಿಲ್ಲುತ್ತಿತ್ತು, ಚಾದರ ಹಿಂಡುವಾಗ ಅವಳದು ನಿಲ್ಲುವ ಹಾಗೆಯೇ. ದೋಣಿ ದಡ ಮುಟ್ಟುವವರೆಗೂ ಅವಳು ರೆಪ್ಪೆ ಬಡಿಯಲಿಲ್ಲ. ಮುಟ್ಟಿದ ಮೇಲೆ ಎದ್ದು, ಸೆರಗು ಸರಿಮಾಡಿಕೊಂಡು ಹೊರಬಂದಳು.

ಹತ್ತು ದಿನಕ್ಕೆ ಕಂಪನಿಯ ವಕೀಲರ ಕಾಗದ ಬಂತು. ಪಾತ್ರವು ಬದುಕಿರುವ ಯಾರನ್ನೂ ಹೋಲುವುದಿಲ್ಲ. ಬರೆದದ್ದನ್ನು ಅಳಿಸದಿದ್ದರೆ ಕ್ರಮ ಕೈಗೊಳ್ಳಲಾಗುವುದು.

"ನಾನು ಅಳಿಸಲ್ಲ ಅತ್ತೆ. ಏನು ಮಾಡ್ಕೋತಾರೋ ಮಾಡ್ಲಿ."

"ನಿನ್ನ ಓದು ಇನ್ನೂ ಮೂರು ವರ್ಷ ಇದೆ. ಅಳಿಸು."

"ಅಪ್ಪ ಅಷ್ಟು ಮಾಡಿ…"

"ಅವನು ಹೇಳೋದನ್ನ ಹೇಳಿ ಹೋದ. ಅವತ್ತೂ ಯಾರೂ ಕೇಳಲಿಲ್ಲ, ಇವತ್ತೂ ಕೇಳಲಿಲ್ಲ. ನಾನು ಎರಡು ಸಲವೂ ಕೇಳಿಸ್ಕೊಂಡಿದೀನಿ. ಅಳಿಸು ಮಗಳೇ."

ಹುಡುಗಿ ಪಕ್ಕದಲ್ಲೇ ಕೂತು ಒಂದೊಂದಾಗಿ ಅಳಿಸಿದಳು, ಫೋಟೊವನ್ನು ಕೊನೆಗೆ. ಅತ್ತೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕಪಾಟಿನಲ್ಲಿಟ್ಟು, ಮಧ್ಯಾಹ್ನದ ಪಾಳಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿದಳು.