ಕೆರೆಗೆ ಇಳಿದ ಹೊಲ

ಹಳಿಯಾಳದಲ್ಲಿ ನಮ್ಮ ಮನೆಗೆ ಹೊಸ ಕಂಪೌಂಡು ಕಟ್ಟಿಸುತ್ತಿದ್ದೇವೆ. ಗೋಡೆಗೆ ನೀರು ಹೊಡೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಯಜಮಾನರಿಗೆ ಸೊಂಟನೋವು, ಅದೂ ಪೈಪು ಹಿಡಿಯುವ ಹೊತ್ತಿಗೇ ಸರಿಯಾಗಿ ಬರುವಂಥದ್ದು. ಮೊನ್ನೆ ಬಿಸಿಲಿಗೆ ಕಾದ ಇಟ್ಟಿಗೆಗೆ ನೀರು ಬಿದ್ದದ್ದೇ ತಡ, ಮಣ್ಣಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಚಿಗವ್ವನ ಕೈಯ ವಾಸನೆ... ಪೈಪು ಹಿಡಿದುಕೊಂಡೇ ನಿಂತುಬಿಟ್ಟೆ.

ಚಿಗವ್ವ ಎಂದರೆ ನನ್ನ ತಾಯಿಯ ತಂಗಿಯೇನಲ್ಲ. ಮುಂಡಗೋಡದ ಹತ್ತಿರದ ನಮ್ಮೂರಿನಲ್ಲಿ ಬಾಜೂ ಮನೆಯವಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಕೆರೆಯ ಮೇಲ್ಬದಿಯ ಇಳಿಜಾರಿನಲ್ಲಿ ಒಂದು ತುಂಡು ಹೊಲವಿತ್ತು. ಅದೇ ಅವಳಿಗೆ ಗಂಡ, ಅದೇ ಮಕ್ಕಳು ಎಂದು ನನ್ನವ್ವ ತಮಾಷೆ ಮಾಡುತ್ತಿದ್ದಳು.

ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ಓಣಿಯ ಎಲ್ಲ ಮನೆಗಳಿಗೂ ಪೂಜೆಗೆ ಮಣ್ಣಿನ ಎತ್ತು ಮಾಡಿಕೊಡುವವಳು ಅವಳೇ. ಮಣ್ಣು ಮಾತ್ರ ತನ್ನ ಹೊಲದ್ದೇ ಆಗಬೇಕು. ಹಬ್ಬ ಮುಗಿದ ಮೇಲೆ ಬೇರೆಯವರು ಎತ್ತುಗಳನ್ನು ಹಂಚಿನ ಮೇಲೋ ಬಾವಿಯಲ್ಲೋ ಬಿಟ್ಟರೆ, ಇವಳು ಮನೆಮನೆಗೆ ಬಂದು ಇಸಿದುಕೊಂಡು ಹೋಗಿ ತನ್ನ ಹೊಲದಲ್ಲಿ ಇಟ್ಟುಬರುತ್ತಿದ್ದಳು. "ಹೊಲದ ಎತ್ತು ಹೊಲಕ್ಕ ಹೋಗಬೇಕವಾ," ಎನ್ನುತ್ತಿದ್ದಳು. ಒಂದು ಹಿಡಿ ಮಣ್ಣಿಗೆ ಇಷ್ಟು ಜಿಪುಣತನವೇ ಎಂದು ನಾವು ನಗುತ್ತಿದ್ದೆವು.

ಅವಳ ಹೊಲದ ಮೇಲಕ್ಕೆ ಅವಳ ಭಾವನ ಬ್ಯಾಣವಿತ್ತು. ಮತ್ತಿ, ಹೊನ್ನೆ ಮರಗಳೂ ಮೊಣಕಾಲುದ್ದದ ಹುಲ್ಲೂ ಇದ್ದ ಜಾಗ. ಎಂಥ ಮಳೆ ಬಿದ್ದರೂ ನೀರು ಅಲ್ಲಿ ಇಂಗಿ, ಮಿಕ್ಕದ್ದು ತಿಳಿಯಾಗಿ ಸಾವಕಾಶ ಕೆಳಗಿಳಿಯುತ್ತಿತ್ತು. ಊರೆಲ್ಲ ಗೋವಿನಜೋಳ ಹಾಕತೊಡಗಿದಾಗ ಭಾವನೂ ಮರ ತೆಗೆಸಿದ, ಹುಲ್ಲು ಕೀಳಿಸಿ ಟ್ರ್ಯಾಕ್ಟರ್ ಹಚ್ಚಿದ. ಸಾಲುಗಳು ಮೇಲಿನಿಂದ ಕೆಳಗೆ ನೆಟ್ಟಗೆ ಬಿದ್ದವು. ಚಿಗವ್ವ ತಲೆಯ ಮೇಲೆ ಸೆರಗೆಳೆದುಕೊಂಡು ಹೋಗಿ ನಿಂತಳು. ಅವಳಿಗೆ ಬುತ್ತಿ ಕೊಡಲು ಹೋಗಿದ್ದ ನಾನೂ ಅಲ್ಲಿದ್ದೆ.

"ಭಾವಾರ, ಅಡ್ಡ ಹೊಡಸ್ರಿ. ಹಿಂಗ ಉದ್ದಕ ಹೊಡದ್ರ ನೀರೆಲ್ಲ ನನ್ನ ಹೊಲದಾಗ ಹಾಯ್ತೈತಿ."

"ಅಡ್ಡ ಹೊಡದ್ರ ಟ್ರ್ಯಾಕ್ಟರ್ ಮಗಚತೈತಿ ಅಂತಾನ ಡ್ರೈವರ. ನಾ ಏನ್ ಮಾಡ್ಲಿ ಹೇಳವಾ?" ಎಂದ ಭಾವ.

ಅವನದೂ ಸುಳ್ಳಲ್ಲ. ಬಯ್ಯಲು ಒಬ್ಬ ಕೆಟ್ಟವನಾದರೂ ಸಿಕ್ಕಿದ್ದರೆ ಚಿಗವ್ವನಿಗೆ ಅಷ್ಟಾದರೂ ಸಮಾಧಾನವಿರುತ್ತಿತ್ತು.

ಆಮೇಲಿನ ಮಳೆಗಾಲಗಳಲ್ಲಿ ನೀರು ಕೆಂಪಗೆ ಓಡೋಡಿ ಬಂತು. ಅವಳ ಬದು ಒಡೆಯಿತು. ಕಟ್ಟಿದಳು, ಮತ್ತೆ ಒಡೆಯಿತು... ಮೆತ್ತನೆಯ ಮಣ್ಣೆಲ್ಲ ತೊಳೆದುಹೋಗಿ ಗರಸು ಮೇಲೆದ್ದಿತು. ಅದರಲ್ಲಿ ಮಾಡಿದ ಎತ್ತುಗಳ ಕಾಲು ಒಣಗುವ ಮೊದಲೇ ಮುರಿದು ಬೀಳುತ್ತಿದ್ದವು. ಕಡೆಗೊಂದು ವರ್ಷ ಅವಳು ರೂಢಿ ಬಿಟ್ಟು ಕೆರೆಯಂಚಿನಿಂದ ಮಣ್ಣು ತಂದಳು. ಎತ್ತುಗಳು ಹಿಂದಿನಂತೆಯೇ ನುಣ್ಣಗೆ ಬಂದವು, ಕೊಂಬು, ಡುಬ್ಬ ಎಲ್ಲ. ನಮಗೆ ಖುಷಿಯೋ ಖುಷಿ. ಅವಳು ಮಾತ್ರ ಕೈಯಲ್ಲಿದ್ದ ಮುದ್ದೆಯನ್ನು ಹಿಚುಕಿ, ಮೂಸಿ ನೋಡಿ, ಅಳತೊಡಗಿದಳು.

"ಇದು ನನ್ನ ಹೊಲದ್ದ ಮಣ್ಣು. ಹೋಗಿ ಕೆರ್ಯಾಗ ಕುಂತೈತಿ."

ಮುಂದಿನ ಬೇಸಿಗೆಯಲ್ಲಿ ಆ ಕೆರೆಯ ಹೂಳು ತೆಗೆಯಲು ಜೆಸಿಬಿ ಬಂತು. ಟ್ರೇಲರುಗಳು ಸಾಲುಗಟ್ಟಿ ಇಟ್ಟಿಗೆ ಭಟ್ಟಿಗೆ ಹೋದವು. ಒಂದನ್ನಾದರೂ ತನ್ನ ಹೊಲಕ್ಕೆ ತಿರುಗಿಸಿರೆಂದು, ಅದು ತನ್ನದೇ ಮಣ್ಣೆಂದು ಚಿಗವ್ವ ದಾರಿಯಲ್ಲಿ ನಿಂತು ಕೇಳಿದಳು.

"ಮಣ್ಣಿನ ಮ್ಯಾಲ ನಿನ್ನ ಹೆಸರು ಬರದೈತೇನ ಆಯಿ?" ಎಂದ ಒಬ್ಬ ಡ್ರೈವರ್. ಉಳಿದವರು ನಕ್ಕರು.

ಕೊನೆಗೆ ಕೆರೆಯ ಮಣ್ಣನ್ನು ತಾನೇ ಬುಟ್ಟಿಯಲ್ಲಿ ಹೊತ್ತಳು. ನಾನೂ ಕೆಲವು ದಿನ ಹೊತ್ತೆ. ಏರು ಹತ್ತಿ ಸುರಿದದ್ದೆಲ್ಲ ಸೇರಿ ಒಂದು ಸಣ್ಣ ಗುಪ್ಪೆಯಾಯಿತು. ಮೊದಲ ದೊಡ್ಡ ಮಳೆಗೆ ಅದೂ ಇಳಿದುಹೋಯಿತು. ಆ ಅಮಾವಾಸ್ಯೆಗೆ ಅವಳು ಎತ್ತು ಮಾಡಲಿಲ್ಲ. ಯಾರೂ ಕೇಳಲೂ ಇಲ್ಲ. ನಾನು ಮದುವೆಯಾಗಿ ಹಳಿಯಾಳಕ್ಕೆ ಬಂದ ಮೇಲೆ ಅವಳು ತೀರಿಕೊಂಡ ಸುದ್ದಿ ಬಂತು. ಹೊಲದ ತುಂಬ ಈಗ ಕೊರಕಲು ಬಿದ್ದಿವೆಯಂತೆ, ಆಡು ಮೇಯಿಸಲಿಕ್ಕೂ ಯಾರೂ ಹೋಗುವುದಿಲ್ಲವಂತೆ...

ಈ ಇಟ್ಟಿಗೆ ಎಲ್ಲಿಯವು ಎಂದು ಗೌಂಡಿಯನ್ನು ಕೇಳಿದೆ. ಮುಂಡಗೋಡ ಕಡೆಯವು ಎಂದ. ಅಷ್ಟರಿಂದ ಏನೂ ಹೇಳಲಾಗದು. ಚಿಗವ್ವನ ಮಣ್ಣು ಎಂದೋ ಯಾರದೋ ಗೋಡೆಯಾಗಿರಬೇಕು. ಇದು ಇನ್ಯಾರ ಹೊಲವೋ.

"ಗ್ವಾಡಿ ತೊಯ್ದೈತಿ, ಸಾಕ್ ಮಾಡ," ಎಂದು ಯಜಮಾನರು ಒಳಗಿನಿಂದ ಕೂಗಿದರು. ನಾನು ಕೆಳಗೆ ನೋಡಿದೆ. ಗೋಡೆಯಿಂದ ಇಳಿದ ನೀರು ತಿಳಿಯಾಗಿತ್ತು, ಒಂದು ಕಣ ಮಣ್ಣೂ ಅದರ ಜೊತೆ ಇಳಿದಿರಲಿಲ್ಲ. ಸುಟ್ಟ ಮೇಲೆ ಮಣ್ಣು ಎಲ್ಲಿಗೂ ಹರಿದುಹೋಗುವುದಿಲ್ಲ. ಬೀಜ ಹಾಕಿದರೆ ಹುಟ್ಟುವುದೂ ಇಲ್ಲ.